ಉಮ್ಮರಾಕನ ಕೆಲಸದ ಕನ್ನಡ

ಉಮ್ಮರಾಕ ಹಿಮವನ್ನು ಕಿವಿಯಿಂದ ನೋಡುತ್ತಿದ್ದರು. ಬೆಳಿಗ್ಗೆ ಟ್ರ್ಯಾಕಿನ ಬದಿಗೆ ಹೋಗಿ, ಬಗ್ಗಿ ಒಂದು ಹಿಡಿ ತೆಗೆದು, ಕೈಗವಸಿಲ್ಲದ ಮುಷ್ಟಿಯನ್ನು ಕಿವಿಯ ಹತ್ತಿರ ತಂದು ನಿಧಾನವಾಗಿ ಹಿಸುಕುವರು. ಹೊಸದಾಗಿ ಬಿದ್ದ ಹಿಮವಾದರೆ ಗಂಜಿ ಹಾಕಿದ ಸೀರೆ ಮಡಚಿದ ಸದ್ದು ಬರುತ್ತದಂತೆ, ಹಳೆಯದಾದರೆ ಕಲ್ಲುಪ್ಪು ತಿಕ್ಕಿದ ಸದ್ದು. ನಾನೂ ಹಿಸುಕಿ ನೋಡಿದ್ದೇನೆ. ನನಗೆ ಎರಡೂ ಒಂದೇ ಕೇಳಿಸುತ್ತಿತ್ತು.

ನನ್ನ ನೆನಪಿನಲ್ಲಿ ಅವರು ಮುಷ್ಟಿ ಹಿಡಿಯುತ್ತಿದ್ದದ್ದು ಎಡಗಿವಿಗೆ. ನನ್ನ ಫೋನಿನಲ್ಲಿ ಉಳಿದಿರುವ ಅವರ ಒಂದೇ ಒಂದು ಚಿತ್ರದಲ್ಲಿ ಅದು ಬಲಗಿವಿ. ಆ ಒಂದು ದಿನ ಮಾತ್ರ ಬಲಗಿವಿಯಾಗಿತ್ತೋ, ನನ್ನ ನೆನಪೇ ಮಗುಚಿ ಬಿದ್ದಿದೆಯೋ, ಹೇಳಲಾರೆ. ಇತಿಹಾಸದಲ್ಲಿ ಎಂ.ಎ. ಮಾಡುವಾಗ ನಮ್ಮ ಮೇಷ್ಟ್ರು ಯಾವ ದಾಖಲೆ ಕೈಗೆ ಬಂದರೂ ಮೊದಲು ಎರಡು ಪ್ರಶ್ನೆ ಕೇಳಿಸುತ್ತಿದ್ದರು: ಇದನ್ನು ಬರೆದವರು ಯಾರು, ಹೀಗೆ ಬರೆದದ್ದರಿಂದ ಅವರಿಗೆ ಏನು ಅನುಕೂಲ. ಇಲ್ಲಿ ಬರೆಯುತ್ತಿರುವುದು ನಾನು. ಅನುಕೂಲ ನನಗೂ ಆಗಿತ್ತು. ಅದನ್ನು ಮುಚ್ಚಿಡದೆ ಬರೆಯಲು ಸಾಧ್ಯವೇ ಎಂದು ನೋಡುತ್ತಿದ್ದೇನೆ.

ಮೂಡಬಿದಿರೆಯ ಹುಡುಗಿಗೆ ಸ್ಕೀ ಹೇಗೆ ಗಂಟುಬಿತ್ತು ಎಂದು ಎಲ್ಲರೂ ಕೇಳುತ್ತಾರೆ. ಕಾಲೇಜಿನಲ್ಲಿ ನಾನು ದೂರದ ಓಟದವಳು. ಒಂದು ಬೇಸಿಗೆ ಹಿಮಾಚಲದಲ್ಲಿ ಶಿಬಿರಕ್ಕೆ ಹೋದಾಗ ಅಲ್ಲಿಯ ಕೋಚ್ ನನ್ನ ಉಸಿರನ್ನು ಅಳೆದು, ನಿನಗೆ ಸ್ಕೀ ಓಟ ಆಗುತ್ತದೆ ಎಂದರು. ಬೆಟ್ಟದ ತುದಿಯಿಂದ ಹಾರಿ ಬರುವ ಸ್ಕೀ ಬೇರೆ, ಇದು ಬೇರೆ. ಕಾಲಿಗೆ ಎರಡು ಉದ್ದ ಪಟ್ಟಿ, ಕೈಗೆ ಎರಡು ಕೋಲು, ಹತ್ತುತ್ತಾ ಇಳಿಯುತ್ತಾ ಹತ್ತು ಕಿಲೋಮೀಟರ್ ಓಡುವುದು. ಊರಿಗೆ ಬಂದಾಗ ಚಕ್ರದ ಸ್ಕೀ ಹಾಕಿಕೊಂಡು ವೇಣೂರು ರಸ್ತೆಯಲ್ಲಿ ಅಭ್ಯಾಸ ಮಾಡುತ್ತಿದ್ದೆ. ಬಸ್ಸಿನ ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತಾ, "ಏನಕ್ಕ, ಎರಡೆರಡು ದೊಣ್ಣೆ ಹಿಡ್ಕೊಂಡು ಧರ್ಮಸ್ಥಳಕ್ಕೆ ಹರಕೆಯಾ?" ಎಂದು ಕೇಳಿ ಹೋಗುತ್ತಿದ್ದ.

ಹೀಗೆ ಎರಡು ವರ್ಷ ಕಳೆದ ಮೇಲೆ ನಮ್ಮನ್ನು ಫಿನ್ಲೆಂಡಿನ ಉತ್ತರದ ಒಂದು ಸಣ್ಣ ಊರಿಗೆ ತರಬೇತಿಗೆ ಕಳಿಸಿದರು. ನಾವು ಮೂವರು ಓಟಗಾರರು, ಒಬ್ಬ ಕೋಚ್. ಅಕ್ಟೋಬರ್ ತಿಂಗಳು, ಅಲ್ಲಿ ಇನ್ನೂ ಹಿಮ ಬಿದ್ದಿರಲಿಲ್ಲ. ಹಿಂದಿನ ವರ್ಷದ ಹಿಮವನ್ನು ಗುಡ್ಡೆ ಹಾಕಿ, ಮೇಲೆ ಮರದ ಹುಡಿ ಮುಚ್ಚಿ ಬೇಸಿಗೆಯಿಡೀ ಕಾಪಾಡಿ, ಈಗ ಹರಡಿ ಟ್ರ್ಯಾಕ್ ಮಾಡಿದ್ದರು. ಎರಡೂ ಬದಿಗೆ ಕಂದು ಹುಲ್ಲು, ನಡುವೆ ಬಿಳಿ ಪಟ್ಟಿ. ಮೊದಲ ದಿನವೇ ನಾನು ಒಂದು ತಿರುವಿನಲ್ಲಿ ಜಾರಿ ಹುಲ್ಲಿಗೆ ಬಿದ್ದು, "ಅಯ್ಯೋ ದೇವೆರೇ" ಎಂದೆ.

"ಊರು ಓಲು?" ಎಂದು ಯಾರೋ ತುಳುವಿನಲ್ಲಿ ಕೇಳಿದರು, ಊರು ಎಲ್ಲಿ ಎಂದು.

ತಲೆ ಎತ್ತಿದರೆ ಉಣ್ಣೆ ಟೊಪ್ಪಿ ಹಾಕಿಕೊಂಡ, ಗಡ್ಡ ಅರ್ಧ ಬೆಳ್ಳಗಾದ ಒಬ್ಬರು ಕೈಯಲ್ಲಿ ಬ್ರಷ್ ಹಿಡಿದು ನಿಂತಿದ್ದಾರೆ. ನಾನು "ಬೆದ್ರ" ಎಂದೆ. ನಮ್ಮಲ್ಲಿ ಮೂಡಬಿದಿರೆಗೆ ಬೆದ್ರ ಎಂದೇ ಹೇಳುವುದು.

"ಯಾನ್ ಕನ್ಯಾನ," ಎಂದರು ಅವರು, ತಾವು ಕನ್ಯಾನದವರೆಂದು. ಆಮೇಲೆ ನಾನು ಬಿದ್ದ ಜಾಗವನ್ನು ನೋಡಿ, "ಬಿದ್ದದ್ದು ನಿನ್ನ ತಪ್ಪಲ್ಲ, ಸ್ಕೀಯ ಅಂಚು ಮೊಂಡು ಉಂಟು. ಬಿಚ್ಚು, ಇಲ್ಲಿ ಕೊಡು," ಎಂದರು. ಅವರು ನನಗೆ ಹೇಳಿದ ಮೂರನೆಯ ಮಾತೇ ಅದು. ಇದು ನನ್ನ ದಿನಚರಿಯಲ್ಲಿ ಇದೆ, ಆದ್ದರಿಂದ ನಂಬಬಹುದು.

ಉಮ್ಮರಾಕನ ತಂದೆ ಕನ್ಯಾನದಿಂದ ವಿಟ್ಲದವರೆಗೆ ಸೈಕಲ್ಲಿನಲ್ಲಿ ಮೀನು ಮಾರುತ್ತಿದ್ದವರು. ಐಸಿನ ತುಂಡು ಒಡೆದು ಗೋಣಿಯಲ್ಲಿ ಕಟ್ಟುವುದು ಇವರ ಬಾಲ್ಯದ ಕೆಲಸ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಮುಂದೆ ಗಲ್ಫಿಗೆ ಹೋದರು. ಅಲ್ಲಿ ಒಂದು ದೊಡ್ಡ ಮಾಲಿನೊಳಗೆ, ಹೊರಗೆ ನಲವತ್ತೈದು ಡಿಗ್ರಿ ಸೆಕೆ ಇರುವಾಗ ಒಳಗೆ ಯಂತ್ರದಿಂದ ಹಿಮ ಸುರಿಸಿ ಜನರನ್ನು ಜಾರಿಸುವ ಜಾಗ ಇತ್ತಂತೆ. ಬಾಡಿಗೆ ಸ್ಕೀಗಳನ್ನು ಒರಸಿ ಇಡುವ ಕೆಲಸಕ್ಕೆ ಸೇರಿದವರು, ಅಲ್ಲಿದ್ದ ಒಬ್ಬ ಫಿನ್ಲೆಂಡಿನ ಮುದುಕನಿಂದ ಅಂಚು ಹರಿತ ಮಾಡಲು, ಮೇಣ ಹಚ್ಚಲು ಕಲಿತರು. ಮುದುಕ ಊರಿಗೆ ಹೊರಟಾಗ ಇವರನ್ನೂ ಕರೆದನಂತೆ. ಐದು ಚಳಿಗಾಲ ಇವರು ಅಲ್ಲಿಯ ಸ್ಕೀ ಕ್ಲಬ್ಬಿನಲ್ಲಿ ದುಡಿದಿದ್ದರು. ಹಿಂದಿ ಬರುತ್ತದೆ ಎಂಬ ಕಾರಣಕ್ಕೆ ಕ್ಲಬ್ಬಿನವರು ಆ ವರ್ಷ ಅವರನ್ನು ನಮ್ಮ ತಂಡಕ್ಕೆ ಕೊಟ್ಟಿದ್ದರು. ಶಿಬಿರ ಮುಗಿಯುವಾಗ ನಮ್ಮ ಕೋಚ್ ಒಳ್ಳೆಯ ಮಾತು ಬರೆದುಕೊಟ್ಟರೆ ಮಾತ್ರ ಚಳಿಗಾಲದ ಉಳಿದ ತಿಂಗಳುಗಳಿಗೂ ಕೆಲಸ, ಕೆಲಸ ಇದ್ದರೆ ಮಾತ್ರ ಆ ದೇಶದಲ್ಲಿ ಇರಲು ಅನುಮತಿ. ಇದನ್ನು ಅವರೇ ನನಗೆ ಹೇಳಿದ್ದರು, ದೂರುವ ದನಿಯಲ್ಲಲ್ಲ, ಬಸ್ಸಿನ ಟೈಮು ಹೇಳಿದ ಹಾಗೆ.

ಶಿಬಿರದ ಬದುಕು ಎಂದರೆ ಹೇಳುವಂಥದ್ದು ಏನೂ ಇಲ್ಲ. ಎದ್ದ ಕೂಡಲೇ ನಾಡಿ ಎಣಿಸಿ ಬರೆಯುವುದು. ಓಟ್ಸ್ ಗಂಜಿ. ಎರಡು ಗಂಟೆ ಓಟ. ಊಟ, ಮಲಗುವುದು. ಮತ್ತೆ ಒಂದೂವರೆ ಗಂಟೆ ಓಟ. ತುಟಿ ಒಡೆದು ನಕ್ಕರೆ ರಕ್ತ ಬರುತ್ತಿತ್ತು, ಹಾಗಾಗಿ ಯಾರೂ ಹೆಚ್ಚು ನಗುತ್ತಿರಲಿಲ್ಲ. ಮೂರನೇ ವಾರದ ಹೊತ್ತಿಗೆ ನನ್ನೊಳಗೆ ಎಲ್ಲವೂ ಒಂದೇ ಮಟ್ಟಕ್ಕೆ ಬಂದುಬಿಟ್ಟಿತ್ತು. ಅಮ್ಮನ ಫೋನು ಬಂದರೆ ಖುಷಿ ಇಲ್ಲ, ಬಾರದಿದ್ದರೆ ಬೇಸರ ಇಲ್ಲ. ಕೋಚ್ ಹೊಗಳಿದರೂ ಬೈದರೂ ಅದನ್ನು ಪುಸ್ತಕದಲ್ಲಿ ಬರೆದು ಮಲಗುತ್ತಿದ್ದೆ. ಬೆರಳು ಮರಗಟ್ಟಿದರೆ ಬೆಂಕಿಗೆ ಹಿಡಿಯಬಹುದು. ಇದಕ್ಕೆ ಏನು ಮಾಡುವುದೆಂದು ತಿಳಿಯಲಿಲ್ಲ, ತಿಳಿಯಬೇಕೆಂದೂ ಅನಿಸಲಿಲ್ಲ.

ಉಮ್ಮರಾಕನ ಮೇಣದ ಕೋಣೆ ಮಾತ್ರ ಬೆಚ್ಚಗಿರುತ್ತಿತ್ತು. ಹಳೆಯ ಸರಕು ಪೆಟ್ಟಿಗೆಯೊಂದನ್ನು ಕೋಣೆ ಮಾಡಿದ್ದರು. ಒಳಗೆ ಇಸ್ತ್ರಿಪೆಟ್ಟಿಗೆ, ಬ್ರಷ್ಷುಗಳು, ನೆಲದ ಮೇಲೆ ಕಾಯಿತುರಿಯಂತೆ ಮೇಣದ ತುರಿ. ಅವರು ಹಲಗೆಯ ಮೇಲೆ ಸ್ಕೀಯನ್ನು ಮಗುಚಿ ಹಾಕಿ ಕೆಲಸ ಮಾಡುತ್ತಿದ್ದರು. ನಾನು ಮೂಲೆಯಲ್ಲಿ ಕೂತು ದಿನಚರಿ ಬರೆಯುತ್ತಿದ್ದೆ. ಅದಕ್ಕೇ ನನಗೆ ಟೀಚರ್ ಎಂದು ಹೆಸರಿಟ್ಟಿದ್ದರು.

"ಏನು ಟೀಚರೇ, ಎಲ್ಲರ ಹಾಜರಿ ಹಾಕಿ ಆಯ್ತಾ?"

"ಆಯ್ತು. ನೀವು ಇವತ್ತು ಲೇಟು ಅಂತ ಬರೆದಿದ್ದೇನೆ."

"ಬರಿ, ಬರಿ. ಈ ದೇಶದಲ್ಲಿ ಸೂರ್ಯನೇ ಲೇಟು. ಮೊದಲು ಅವನದ್ದು ಬರಿ."

ಗಂಜಿಯ ಹೊತ್ತಿಗೆ ಅವರು ಜೇಬಿನಿಂದ ಸಣ್ಣ ಬಾಟಲಿ ತೆಗೆದು ನನ್ನ ತಟ್ಟೆಯ ಬದಿಗೆ ಒಂದು ಮಾವಿನ ಮಿಡಿ ಹಾಕುತ್ತಿದ್ದರು. "ಇವರದ್ದೂ ಗಂಜಿಯೇ ಮಾರಾಯ್ತಿ. ಪಾಪ, ಇವರಿಗೆ ಉಪ್ಪಿನಕಾಯಿ ಹಾಕಲಿಕ್ಕೆ ಹೇಳಿಕೊಟ್ಟವರಿಲ್ಲ ಅಷ್ಟೆ," ಎನ್ನುವರು. ಅವರ ಮಾತೆಲ್ಲ ಹೀಗೆ ಅಡುಗೆಮನೆಗೋ ಮೀನು ಮಾರ್ಕೆಟ್ಟಿಗೋ ಹೋಗಿ ಮುಟ್ಟುತ್ತಿತ್ತು. ಹಿಮವನ್ನು ನೋಡದೆ ಮೇಣ ಹಚ್ಚಬೇಕಾಗಿ ಬಂದರೆ ಗೊಣಗುತ್ತಿದ್ದರು: "ಮೀನು ನೋಡದೆ ಮಸಾಲೆ ಅರೆಯಬಾರದು."

ಮೇಣದ ವಿಷಯ ಇಲ್ಲಿ ಸ್ವಲ್ಪ ಹೇಳಲೇಬೇಕು. ಹತ್ತುವಾಗ ಸ್ಕೀ ಹಿಮವನ್ನು ಕಚ್ಚಿ ಹಿಡಿಯಬೇಕು, ಇಳಿಯುವಾಗ ಬಿಡಬೇಕು. ಎರಡನ್ನೂ ಮಾಡಿಸುವುದು ಅಡಿಯಲ್ಲಿ ಹಚ್ಚುವ ಮೇಣ. ಹಳೆಯ, ಕಲ್ಲಿನಂತಾದ ಹಿಮಕ್ಕೆ ಅಂಟಂಟಾದ ಮೇಣ ಬೇಕು. ಅದಕ್ಕೆ ಉಮ್ಮರಾಕ ಹಲಸಿನ ಮೇಣ ಎನ್ನುತ್ತಿದ್ದರು. ಹೊಸ ಹಿಮ ಬೀಳುತ್ತಿರುವಾಗ ಅದನ್ನು ಹಚ್ಚಿದರೆ ಕಾಲಡಿಗೆ ಹಿಮದ ಮುದ್ದೆ ಅಂಟಿಕೊಳ್ಳುತ್ತದೆ, ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ಆಗ ಗಟ್ಟಿ ಮೇಣ ಬೇಕು. ಆ ಗಟ್ಟಿ ಮೇಣವನ್ನು ಹಳೆಯ ಹಿಮದ ಮೇಲೆ ಓಡಿಸಿದರೆ ಒಂದೆರಡು ಕಿಲೋಮೀಟರಿನಲ್ಲಿ ಉಜ್ಜಿಹೋಗಿ ಸ್ಕೀ ಹಿಂದಕ್ಕೆ ಜಾರುತ್ತದೆ. ಆ ಎಂಟು ವಾರದಲ್ಲಿ ನಾನು ಕಲಿತ ವಿದ್ಯೆ ಇಷ್ಟು.

ನಮ್ಮಿಬ್ಬರ ಮಾತು ಯಾವಾಗಲೂ ತುಳುವಿನಲ್ಲಿ. ಇಲ್ಲಿ ಅದನ್ನೆಲ್ಲ ಕನ್ನಡ ಮಾಡಿ ಬರೆಯುತ್ತಿದ್ದೇನೆ, ಮಾಡುವಾಗ ಏನೇನು ಕಳೆದಿದೆಯೋ. ಆದರೆ ಕೆಲಸ ಶುರುವಾದರೆ, ಅದರಲ್ಲೂ ವಾಕಿಟಾಕಿ ಕೈಗೆ ಬಂದರೆ, ಉಮ್ಮರಾಕ ಕನ್ನಡಕ್ಕೆ ತಿರುಗಿಬಿಡುತ್ತಿದ್ದರು. ಅದೂ ಶಾಲೆಯ ಪುಸ್ತಕದ ಕನ್ನಡ. "ನಮಸ್ಕಾರ. ನನ್ನ ಧ್ವನಿ ಕೇಳಿಸುತ್ತಿದೆಯೇ? ಟ್ರ್ಯಾಕಿನ ಸ್ಥಿತಿಯನ್ನು ದಯವಿಟ್ಟು ತಿಳಿಸಬೇಕು." ನಾನು ತುಳುವಿನಲ್ಲಿ ಉತ್ತರ ಕೊಟ್ಟರೆ ಆ ಕಡೆಯಿಂದ ಸುಮ್ಮನೆ ಕರಕರ ಸದ್ದು. ಕನ್ನಡದಲ್ಲಿ ಹೇಳುವವರೆಗೆ ಮಾತೇ ಇಲ್ಲ.

ಒಮ್ಮೆ ಕೇಳಿದೆ, "ಅದೆಂತ ನಿಮ್ಮದು, ತುಳುವಿನಲ್ಲಿ ಹೇಳಿದರೆ ಆಗುವುದಿಲ್ಲವಾ?"

"ತುಳು ನೆರೆಕರೆಗೆ, ಪೇಟೆಗೆ. ಬ್ಯಾರಿ ಭಾಷೆ ಮನೆಯಲ್ಲಿ, ಉಮ್ಮನ ಹತ್ತಿರ. ಪೋಸ್ಟ್ ಆಫೀಸು, ಶಾಲೆ, ಪಂಚಾಯತು, ಎಲ್ಲ ಕನ್ನಡದಲ್ಲಿ ಅಲ್ವಾ? ಇದು ಕೆಲಸ. ಕೆಲಸದ ಮಾತಿಗೆ ಒಂದು ಅಂಗಿ ಹಾಕಿಕೊಂಡು ಬರಬೇಕು."

ಅವರ ಮೇಣದ ಡಬ್ಬಿಗಳ ಮೇಲೆಲ್ಲ ಪಟ್ಟಿ ಅಂಟಿಸಿ ಕನ್ನಡದಲ್ಲಿ ಬರೆದಿದ್ದರು, ಗುಂಡಗಿನ ಶಾಲೆಯ ಅಕ್ಷರ: ಹೊಸ ಮಂಜು, ಹಳೆ ಮಂಜು, ನೀರು ಮಂಜು. ಅದರ ಬಗ್ಗೆಯೂ ಒಮ್ಮೆ ವಾದ ಆಗಿತ್ತು. ಮಂಜು ಎಂದರೆ ಘಾಟಿಯಲ್ಲಿ ಕವಿಯುವುದು, ಚಾರ್ಮಾಡಿಯಲ್ಲಿ ಬಸ್ಸಿನ ಲೈಟು ಹಾಕಿಸುವಂಥದ್ದು. ಇದಕ್ಕೆ ಹಿಮ ಎನ್ನಬೇಕು ಎಂದು ನಾನು.

"ಹಿಮ ಅಂದರೆ ಹಿಮಾಲಯದ್ದು, ಋಷಿಗಳಿಗೆ. ಐಸ್ ಅಂದರೆ ಮೀನಿಗೆ. ಇದು ಮಂಜು. ನಮ್ಮ ಪುಸ್ತಕದಲ್ಲಿ ಮಂಜುಗಡ್ಡೆ ಅಂತ ಇತ್ತಲ್ಲ, ಗಡ್ಡೆ ಆಗದೆ ಇದ್ದದ್ದು ಮಂಜು."

"ಹಾಗಾದರೆ ಘಾಟಿಯದ್ದಕ್ಕೆ ಏನೆನ್ನುತ್ತೀರಿ?"

"ಮೈಂದ್," ಎಂದರು ತುಳುವಿನಲ್ಲಿ. "ಅದು ಕೆಲಸದ್ದಲ್ಲ."

ಈ ಸಂಭಾಷಣೆ ಹೀಗೇ ನಡೆಯಿತು ಎಂದು ನಾನು ಪ್ರಮಾಣ ಮಾಡಲಾರೆ. ಆಮೇಲೆ ನಡೆದದ್ದರಿಂದಾಗಿ ಇದು ನನ್ನ ತಲೆಯಲ್ಲಿ ಇಷ್ಟು ಚೂಪಾಗಿರಬಹುದು. ಆದರೆ ಡಬ್ಬಿಗಳ ಮೇಲಿನ ಪಟ್ಟಿಗಳನ್ನು ನಾನು ಎಂಟು ವಾರ ದಿನಾ ನೋಡಿದ್ದೆ. ಅವರ ಬಾಯಲ್ಲಿ ಮಂಜು ಎಂದರೆ ಹಿಮ ಎಂಬುದು ನನಗೆ ಗೊತ್ತಿತ್ತು. ಈ ಒಂದು ವಿಷಯದಲ್ಲಿ ನನಗೆ ನಾನು ರಿಯಾಯಿತಿ ಕೊಡುವಂತಿಲ್ಲ.

ಕೊನೆಯ ವಾರ ಒಂದು ರೇಸ್ ಇತ್ತು. ಗೊತ್ತುಮಾಡಿದ ಸಮಯದೊಳಗೆ ಮುಗಿಸಿದವರು ಆ ಚಳಿಗಾಲವಿಡೀ ತಂಡದಲ್ಲಿ ಉಳಿಯುತ್ತಾರೆ, ಉಳಿದವರು ಮನೆಗೆ. ಟ್ರ್ಯಾಕು ಕೆಳಗಿನ ಮೈದಾನದಿಂದ ಹೊರಟು ಗುಡ್ಡದ ಮೇಲೆ ಸುತ್ತಿ ಬರುತ್ತದೆ. ಕೆಳಗೆ ಬಿಸಿಲಿತ್ತು. ಗುಡ್ಡದ ತಲೆ ಬಿಳಿಯಲ್ಲಿ ಮುಳುಗಿತ್ತು. ಮೂವರ ಸ್ಕೀಯನ್ನೂ ಒಬ್ಬರೇ ತಯಾರು ಮಾಡಬೇಕಾದ್ದರಿಂದ ಉಮ್ಮರಾಕನಿಗೆ ಮೇಲೆ ಹೋಗಿ ನೋಡಲು ಬಿಡುವಿರಲಿಲ್ಲ. ಕೋಚ್ ಅಧಿಕಾರಿಗಳ ಸಭೆಯಲ್ಲಿದ್ದರು. ಮೈ ಬಿಸಿ ಮಾಡಿಕೊಳ್ಳಲು ಹೇಗೂ ಹೊರಟಿದ್ದ ನನ್ನ ಕೈಗೆ ಉಮ್ಮರಾಕ ವಾಕಿಟಾಕಿ ಕೊಟ್ಟರು.

ಮೇಲೆ ಹಿಮ ಬೀಳುತ್ತಿರಲಿಲ್ಲ. ಹಳೆಯ ಹಿಮವೇ, ಕಲ್ಲಿನ ಹಾಗೆ. ಆದರೆ ಐದು ಮಾರು ಆಚೆಗೆ ಏನೂ ಕಾಣುತ್ತಿರಲಿಲ್ಲ. ಇಳಿಜಾರಿನ ತಿರುವು ಎಲ್ಲಿ ಬರುತ್ತದೆಂದು ನನಗೆ ದಿಗಿಲಾಗಿತ್ತು. ನಾನು ವಾಕಿಟಾಕಿಯಲ್ಲಿ ಹೇಳಿದೆ: "ಉಮ್ಮರಾಕ, ಮೇಲೆ ಮಂಜು ಬೀಳ್ತಾ ಉಂಟು. ತುಂಬಾ ಉಂಟು. ಏನೂ ಕಾಣುವುದಿಲ್ಲ."

"ಮಂಜು ಬೀಳುತ್ತಾ ಇದೆ. ತುಂಬಾ ಇದೆ. ಸರಿ, ತಿಳಿಯಿತು," ಎಂದು ಆ ಕಡೆಯಿಂದ ಕೇಳಿಸಿತು.

ಇಷ್ಟೇ. ಆ ಸಂಜೆ ನಾನು ದಿನಚರಿಯಲ್ಲಿ ಇಂಗ್ಲಿಷಿನಲ್ಲಿ ಬರೆದದ್ದು ಒಂದೇ ಸಾಲು: ಮೇಲೆ ಫಾಗ್ ಇತ್ತು, ಉಮ್ಮರಾಕನಿಗೆ ತಿಳಿಸಿದೆ. ಯಾವ ಶಬ್ದದಲ್ಲಿ ತಿಳಿಸಿದೆ ಎಂಬುದನ್ನು ಬರೆಯಲಿಲ್ಲ. ಮರೆತು ಬರೆಯಲಿಲ್ಲವೋ, ಅಲ್ಲವೋ.

ಓಟ ಶುರುವಾಗಲು ಮೂರು ನಿಮಿಷ ಇರುವಾಗ ಕೆಳಗೆ ಬಂದು ತಲುಪಿದೆ. ಉಮ್ಮರಾಕ ಓಟದ ಸ್ಕೀಗಳನ್ನು ನನ್ನ ಮುಂದೆ ಇಟ್ಟು, ಮೊಣಕಾಲೂರಿ ಬೂಟನ್ನು ಒತ್ತಿ ಕೂರಿಸಿದರು. "ಯಾವುದು ಹಚ್ಚಿದ್ದು?" ಎಂದೆ. "ನೀನು ಹೇಳಿದ ಹಾಗೆಯೇ," ಎಂದರು. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದರು. ತುಸು ಹೊತ್ತು ನೋಡಿದರು ಎಂದು ನನ್ನ ನೆನಪು. "ಹೋಗು ಟೀಚರೇ," ಎಂದರು.

ಎರಡನೆಯ ಕಿಲೋಮೀಟರಿನಲ್ಲಿ ಸ್ಕೀ ಹಿಡಿತ ಬಿಟ್ಟಿತು. ಹತ್ತುವ ಒಂದೊಂದು ಹೆಜ್ಜೆಗೂ ಅರ್ಧ ಹೆಜ್ಜೆ ಹಿಂದಕ್ಕೆ. ಕೋಲಿನ ಬಲದಿಂದ ನನ್ನನ್ನು ನಾನೇ ಎಳೆದುಕೊಂಡು ಹೋದೆ. ಹಿಂದಿನವರು ಒಬ್ಬೊಬ್ಬರಾಗಿ ದಾಟಿದರು. ಮುಗಿಸಿದಾಗ ಕೊನೆಯಿಂದ ಎರಡನೆಯವಳು. ನಮ್ಮವರಲ್ಲಿ ಉಳಿದಿಬ್ಬರ ಗತಿಯೂ ಅಷ್ಟೇ.

ಮೇಣದ ಕೋಣೆಯಲ್ಲಿ ಕೋಚ್ ನನ್ನ ಸ್ಕೀ ಮಗುಚಿ, ಉಗುರಿನಿಂದ ಕೆರೆದು ನೋಡಿದರು. ಗಟ್ಟಿ ಮೇಣದ ಚೂರು ಉಗುರಿಗೆ ಬಂತು. ಅವರು ಹಿಂದಿಯಲ್ಲಿ ಕೇಳಿದರು, "ಇದನ್ನು ಯಾರು ಹಚ್ಚಿದ್ದು? ಹಿಮ ಬಿದ್ದದ್ದು ಎಲ್ಲಿ?"

"ನನ್ನ ತಪ್ಪು ಸರ್," ಎಂದರು ಉಮ್ಮರಾಕ. "ನಾನು ಮೇಲೆ ಹೋಗಿ ನೋಡಬೇಕಿತ್ತು."

ಕೋಚ್ ನನ್ನ ಕಡೆ ತಿರುಗಿದರು. "ಮೇಲೆ ಫಾಗ್ ಅಂತ ನೀನು ಹೇಳಿದ್ದೆಯಾ ಇಲ್ಲವಾ?"

ನಾನು ಬೂಟಿನ ದಾರ ಬಿಚ್ಚುತ್ತಿದ್ದೆ. ಬೆರಳು ಆಡುತ್ತಿರಲಿಲ್ಲ. "ಹೇಳಿದ್ದೆ," ಎಂದೆ.

ಅದು ಸುಳ್ಳಲ್ಲ. ಹೇಳಿದ್ದು ಹೌದು. ಉಮ್ಮರಾಕ ನನ್ನನ್ನು ನೋಡಲಿಲ್ಲ. ನೆಲದ ಮೇಲಿನ ಮೇಣದ ತುರಿ ಗುಡಿಸಲು ಶುರುಮಾಡಿದರು. ಆಗ ನನಗೆ ಏನನಿಸಿತು ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ನಾಚಿಕೆಯಾಯಿತು ಎಂದು ಬರೆದರೆ ಚೆನ್ನಾಗಿರುತ್ತದೆ. ನನಗೆ ಏನೂ ಅನಿಸಲಿಲ್ಲ. ಹಸಿವಾಗಿತ್ತು.

ಸ್ಕೀಯ ದೋಷದಿಂದ ಸೋತವರೆಂದು ಒಂಬತ್ತು ದಿನ ಕಳೆದು ಬೇರೆ ಊರಿನಲ್ಲಿ ನಮಗೆ ಇನ್ನೊಂದು ಅವಕಾಶ ಸಿಕ್ಕಿತು. ಸುದ್ದಿ ಹೇಳಿದವರು ಕೋಚ್, ಅದೇ ಉಸಿರಿನಲ್ಲಿ ಉಮ್ಮರಾಕನ ಬಗ್ಗೆ ಕ್ಲಬ್ಬಿಗೆ ಬರೆದಾಯಿತು ಎಂದೂ ಹೇಳಿದರು. ಕ್ಲಬ್ಬು ಅವರನ್ನು ಚಳಿಗಾಲಕ್ಕೆ ಇಟ್ಟುಕೊಳ್ಳಲಿಲ್ಲ. ಗುರುವಾರ ಬೆಳಿಗ್ಗೆ ಅವರು ಬಸ್ಸಿಗೆ ಹೊರಟರು. ರಸ್ತೆ ಟ್ರ್ಯಾಕಿನ ಪಕ್ಕದಲ್ಲೇ ಹೋಗುತ್ತದೆ. ನಾನು ಓಡುತ್ತಿದ್ದೆ. ಅವರು ಬ್ಯಾಗು ಕೆಳಗಿಟ್ಟು ಕೈ ಎತ್ತಿದರು. ನನ್ನ ಎರಡೂ ಕೈ ಕೋಲಿನ ಪಟ್ಟಿಯೊಳಗಿದ್ದವು. ನಾನು ನಿಂತೆ, ಹತ್ತಿರ ಹೋಗಿ ಮಾತಾಡಿದೆ ಎಂದು ಬಹಳ ಕಾಲ ನಂಬಿದ್ದೆ. ಅವರು ಏನೋ ತಮಾಷೆ ಮಾಡಿದ್ದೂ ನೆನಪಿತ್ತು. ಆದರೆ ಆ ದಿನದ ತರಬೇತಿಯ ಪುಟದಲ್ಲಿ ಆರು ಸುತ್ತು, ಆರರ ಸಮಯವೂ ಸೆಕೆಂಡು ಸಮೇತ ಬರೆದಿದೆ. ಎಲ್ಲವೂ ಸರಿಸಮ. ನಡುವೆ ನಿಂತವಳ ಸಮಯ ಹಾಗಿರುವುದಿಲ್ಲ.

ಎರಡನೆಯ ರೇಸಿನಲ್ಲಿ ನಾನು ಗೊತ್ತುಮಾಡಿದ ಸಮಯದೊಳಗೆ ಮುಗಿಸಿದೆ. ಎರಡು ಚಳಿಗಾಲ ತಂಡದಲ್ಲಿದ್ದೆ. ಮೊಣಕಾಲು ಕೈಕೊಟ್ಟ ಮೇಲೆ ಊರಿಗೆ ಬಂದು ಮೂಡಬಿದಿರೆಯಲ್ಲೇ ಇತಿಹಾಸ ಪಾಠ ಮಾಡುವ ಕೆಲಸಕ್ಕೆ ಸೇರಿದೆ.

ಹೋದ ವರ್ಷ ಸ್ಟಾಫ್ ರೂಮಿನಲ್ಲಿ ಒಬ್ಬರು, ಮಡಂತ್ಯಾರಿನಲ್ಲಿ ಒಬ್ಬ ಬ್ಯಾರಿ ಇದ್ದಾರೆ, ಹುಲ್ಲು ಕೊಯ್ಯುವ ಮಿಷನ್ನಿನ ಬ್ಲೇಡು ಹರಿತ ಮಾಡಿ ಉಗುರಿನಿಂದ ಮೀಟಿ ಕಿವಿಗೆ ಹಿಡಿಯುತ್ತಾರೆ, ಹುಚ್ಚೋ ಏನೋ ಎಂದರು. ಆ ಶನಿವಾರವೇ ವೇಣೂರು, ಗುರುವಾಯನಕೆರೆ ದಾಟಿ ಮಡಂತ್ಯಾರಿಗೆ ಹೋದೆ. ಮಾರ್ಕೆಟ್ಟಿನ ಹಿಂದೆ ತಗಡಿನ ಮಾಡಿನ ಅಂಗಡಿ. ಮೂರು ವರ್ಷದಲ್ಲಿ ಗಡ್ಡ ಪೂರ್ತಿ ಬೆಳ್ಳಗಾಗಿತ್ತು.

"ಓ, ಟೀಚರ್," ಎಂದರು, ನಿನ್ನೆ ಕಂಡವರ ಹಾಗೆ. "ಕೂತ್ಕೊ. ಆ ಸ್ಟೂಲು ಬೇಡ, ಅದಕ್ಕೆ ಮೂರೇ ಕಾಲು. ಈಗ ಎಂತ ಕೆಲಸ?"

"ಕಾಲೇಜಿನಲ್ಲಿ ಪಾಠ ಮಾಡ್ತೇನೆ."

"ಹಾಗಾದರೆ ಹೆಸರಿಟ್ಟವನಿಗೆ ಒಂದು ಚಾ ಕುಡಿಸು."

ಚಾ ಬಂತು. ನಾನು ಬರುವ ದಾರಿಯಲ್ಲಿ ಜೋಡಿಸಿಟ್ಟುಕೊಂಡ ಮಾತುಗಳನ್ನು ಹೇಳಿದೆ. ಮಂಜು ಎಂದದ್ದು ನಾನು, ನಿಮ್ಮ ಡಬ್ಬಿಯ ಪಟ್ಟಿ ಗೊತ್ತಿದ್ದೂ ಅಂದೆ. ಕೋಚ್ ಕೇಳಿದಾಗ ಅದನ್ನು ಹೇಳಲಿಲ್ಲ. ನಿಮ್ಮ ಕೆಲಸ ಹೋದದ್ದು ನನ್ನಿಂದ. ಅವರು ಗರಗಸದ ಹಲ್ಲುಗಳಿಗೆ ಅರ ಹಾಕುತ್ತಾ ಕೇಳಿಸಿಕೊಂಡರು.

"ಅಲ್ಲ," ಎಂದರು. "ನೀನು ಕೆಳಗೆ ಬಂದಾಗ ನಿನ್ನ ಟೊಪ್ಪಿ ನೋಡಿದೆ. ಒದ್ದೆ ಇತ್ತು, ಬಿಳಿ ಇರಲಿಲ್ಲ. ಹುಬ್ಬಿನ ಮೇಲೆ ನೀರಿನ ಹನಿ. ಹಿಮ ಬೀಳುವಲ್ಲಿಂದ ಬಂದವಳ ತಲೆ ಹಾಗಿರ್ತದಾ? ಆಗಲೇ ಗೊತ್ತಾಯಿತು, ಮೈಂದ್ ಅಂತ."

"ಮತ್ತೆ ಯಾಕೆ ಹೇಳಲಿಲ್ಲ?"

"ಮೂರು ನಿಮಿಷ ಇತ್ತು. ಹಲಸಿನ ಮೇಣ ಹಚ್ಚಲಿಕ್ಕೆ ಹತ್ತು ನಿಮಿಷ ಬೇಕು. ಹೇಳಿ ಎಂತ ಮಾಡುವುದು, ನೀನು ಅಲ್ಲೇ ಕೂತು ಬಿಡ್ತಿದ್ದಿ. ತಪ್ಪು ಅಂತ ಗೊತ್ತಿದ್ದೇ ಕೊಟ್ಟದ್ದು ನಾನು. ಕೋಚ್ ಹತ್ತಿರ ಹೇಳಿದ್ದು ಸತ್ಯ. ನೀನು ಎಂತಕ್ಕೆ ಅದನ್ನು ನಿನ್ನ ಹೆಸರಿಗೆ ಬರ್ಕೊಳ್ಳುವುದು?"

ನನ್ನ ಟೊಪ್ಪಿ ಒದ್ದೆಯಾಗಿತ್ತೇ? ನೆನಪಿಲ್ಲ. ಪುಸ್ತಕದಲ್ಲೂ ಇಲ್ಲ. ಅವರು ಆ ಕ್ಷಣದಲ್ಲಿ ನನ್ನನ್ನು ನೋಡಿದ್ದು ನೆನಪಿದೆ. ಆದರೆ ಅದು ಅವರು ಈಗ ಹೇಳಿದ ಮೇಲೆ ಹುಟ್ಟಿದ ನೆನಪೇ ಎಂದೂ ಅನುಮಾನ. ನನ್ನ ಮನಸ್ಸು ಹಗುರವಾಗಲೆಂದು ಕಟ್ಟಿ ಹೇಳಿದರೇ? ಹಾಗಿದ್ದರೆ ಹಗುರವಾಗಲಿಲ್ಲ. ಭಾರವೂ ಆಗಲಿಲ್ಲ.

ಸ್ವಲ್ಪ ಹೊತ್ತು ಕಳೆದು ಅವರು ಮೇಜಿನ ಖಾನೆಯಿಂದ ಒಂದು ಖಾಲಿ ಹಾಳೆ ತೆಗೆದರು. ಫಿನ್ಲೆಂಡಿನ ಅದೇ ಕ್ಲಬ್ಬಿಗೆ ಮತ್ತೆ ಅರ್ಜಿ ಹಾಕುತ್ತಿದ್ದಾರಂತೆ. ಈಗ ಅಲ್ಲಿ ಹೊಸಬರು ಮೇಲ್ವಿಚಾರಕರು. ಹಿಂದೆ ಯಾಕೆ ಬಿಡಿಸಿದರು ಎಂಬುದಕ್ಕೆ ಆಗಿನ ಓಟಗಾರರೊಬ್ಬರ ಪತ್ರ ಕೇಳಿದ್ದಾರೆ.

"ನನ್ನ ನಂಬರ್ ನಿಮ್ಮ ಹತ್ತಿರ ಇತ್ತಲ್ಲ, ಕೇಳಬಾರದಿತ್ತಾ?"

"ಕೇಳಿದರೆ ನಿನಗೆ ಇಲ್ಲ ಅನ್ನಲಿಕ್ಕೆ ಕಷ್ಟ ಆಗ್ತದೆ. ಈಗ ನೀನಾಗಿ ಬಂದಿದ್ದಿ, ಬರೆದು ಕೊಡು. ಇಂಗ್ಲಿಷಿನಲ್ಲೇ ಬರಿ. ಅದರಲ್ಲಿ ಎರಡಕ್ಕೂ ಬೇರೆ ಬೇರೆ ಶಬ್ದ ಉಂಟು."

"ನಡೆದದ್ದು ನಡೆದ ಹಾಗೆ ಬರೆಯುತ್ತೇನೆ. ನಾನು ಹೇಳಿದ್ದು ತಪ್ಪಾಯಿತು ಅಂತ."

"ಹಾಗೆ ಬರೆಯುವುದಾದರೆ ಬೇಡ." ಅವರು ಹಾಳೆಯ ಮೇಲೆ ಕೈ ಇಟ್ಟರು. "ಮೇಣ ಹಚ್ಚುವವ ಓಟಗಾರರ ಮೇಲೆ ಹಾಕಿ ಕೆಲಸ ಹಿಡಿದ ಅಂತ ಆಗ್ತದೆ. ಆ ಮುದುಕ ನನಗೆ ಹಾಗೆ ಕಲಿಸಲಿಲ್ಲ. ನಾನು ಹೇಳ್ತೇನೆ, ನೀನು ಬರಿ."

ಅರ ಕೆಳಗಿಟ್ಟು, ಕೈ ಒರಸಿಕೊಂಡು, ನೆಟ್ಟಗೆ ಕೂತು, ಅವರು ಕೆಲಸದ ಕನ್ನಡದಲ್ಲಿ ಹೇಳತೊಡಗಿದರು. "ಮೇಣದ ಆಯ್ಕೆಯಲ್ಲಿ ತಂತ್ರಜ್ಞನಿಂದ ತಪ್ಪಾಯಿತು. ತಪ್ಪನ್ನು ಅವನು ಆ ಕೂಡಲೇ ಒಪ್ಪಿಕೊಂಡಿದ್ದಾನೆ. ಅವನು ಪ್ರಾಮಾಣಿಕನು. ಅವನನ್ನು ಕೆಲಸಕ್ಕೆ ತೆಗೆದುಕೊಳ್ಳಬಹುದು."

ಅವರಿಗೆ ಇಂಗ್ಲಿಷ್ ಮಾತಾಡಲು ಬರುತ್ತದೆ. ಓದಲು ಬರುವುದಿಲ್ಲ. ನಾನು ಬರೆದೆ. ಮಂಜನ್ನು ಹಿಮ ಎಂದು ಅರ್ಥವಾಗುವ ಶಬ್ದದಲ್ಲಿ ನಾನು ವರದಿ ಮಾಡಿದೆ, ಇವರು ನನ್ನ ವರದಿಯ ಪ್ರಕಾರ ನಡೆದುಕೊಂಡರು, ಕೋಚ್ ಕೇಳಿದಾಗ ನಾನು ಇದನ್ನು ಮರೆಮಾಚಿದೆ, ಇವರು ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡರು, ಇವರು ಪ್ರಾಮಾಣಿಕರು. ಕೆಳಗೆ ಹೆಸರು, ಸಹಿ.

"ಓದಿ ಹೇಳು," ಎಂದರು.

ನಾನು ಹಾಳೆಯ ಮೇಲೆ ಕಣ್ಣಾಡಿಸುತ್ತಾ, ಸಾಲು ಸಾಲಿಗೆ ನಿಲ್ಲಿಸಿ, ಅವರು ಹೇಳಿದ್ದನ್ನೇ ಕನ್ನಡದಲ್ಲಿ ಓದಿದೆ. ತಂತ್ರಜ್ಞನಿಂದ ತಪ್ಪಾಯಿತು. ಆ ಕೂಡಲೇ ಒಪ್ಪಿಕೊಂಡಿದ್ದಾನೆ. ಅವರು ಒಂದೊಂದು ವಾಕ್ಯಕ್ಕೂ ತಲೆಯಾಡಿಸಿದರು.

"ಪ್ರಾಮಾಣಿಕ ಅಂತ ಹಾಕಿದ್ದಿಯಾ?"

"ಹಾಕಿದ್ದೇನೆ."

"ಸರಿ ಉಂಟು," ಎಂದು ಮಡಚಿ ಕವರಿಗೆ ಹಾಕಿ ಅಂಟಿಸಿದರು. ನನ್ನ ಜೊತೆ ಬಸ್ಸಿನವರೆಗೆ ಬಂದರು. ನಾನು ಅವರನ್ನು ಕಂಡದ್ದು ಅದೇ ಕೊನೆ.

ಡಿಸೆಂಬರಿನಲ್ಲಿ ಬೆಳ್ತಂಗಡಿಗೆ ಹೋಗುವ ಕೆಲಸವಿತ್ತು, ಅಲ್ಲಿಂದ ಮಡಂತ್ಯಾರಿಗೂ ಹೋದೆ. ಅಂಗಡಿಯ ಬಾಗಿಲು ಹಾಕಿತ್ತು. ಪಕ್ಕದ ಟೈಲರ್ ಹೊಲಿಗೆ ನಿಲ್ಲಿಸದೆಯೇ ಹೇಳಿದರು:

"ಉಮ್ಮರಾಕನಾ? ಅವರು ಚಳಿ ಊರಿಗೆ ಹೋಗಿ ಹದಿನೈದು ದಿನ ಆಯ್ತಲ್ಲ. ಅವರದ್ದೇ ತಪ್ಪು ಅಂತ ಯಾರೋ ಬರೆದು ಕೊಟ್ಟಿದ್ರಂತೆ. ಆದ್ರೂ ಕರೆದ್ರಂತೆ ನೋಡಿ. ಹೋಗುವಾಗ ಹೇಳ್ತಾ ಇದ್ರು, ಅಲ್ಲಿಯ ಜನ ಭಾರಿ ಒಳ್ಳೆಯವರು ಅಂತ."

"ಹೌದು," ಎಂದೆ ನಾನು. "ಒಳ್ಳೆಯವರೇ."